ಪೈಪಿನ ತುದಿಯ ಭಾರ

ಪಾಠ ಹೇಳುವವರಿಗೆ ಒಂದು ಚಟವಿರುತ್ತದೆ: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳುವುದಿಲ್ಲ. ಬೀದರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನಗಂತೂ ಅದು ಮೈಗೂಡಿಬಿಟ್ಟಿದೆ. ನಮ್ಮೂರ ಆಕಾಶದಲ್ಲಿ ತರಬೇತಿ ವಿಮಾನಗಳು ಗಿರಕಿ ಹೊಡೆದರೆ ನನ್ನ ವಿದ್ಯಾರ್ಥಿಗಳೆಲ್ಲ ಕಿಟಕಿಯತ್ತ ತಿರುಗುತ್ತಾರೆ. ಹೊಟ್ಟೆಕಿಚ್ಚು ತಾಳಲಾರದೆ ನಾನೂ ಒಂದು ರಿಮೋಟ್ ವಿಮಾನ ತರಿಸಿ, ಚಿದ್ರಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಜೋಡಿಸತೊಡಗಿದೆ. ಹೆಂಡತಿ ಶಾಂತಾ ನೆಲದ ಮೇಲೆ ಕುಳಿತು ಉಂಡಳು, ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದಾಗಲೇ ನನಗೆ ಹೆದರಿಕೆ.

ಇಂಧನದ ಪಾರದರ್ಶಕ ಡಬ್ಬಿ ಅಂಗೈಯಷ್ಟು. ಅದಕ್ಕೆ ಬಾಗುವ ಮೂರು ಸಣ್ಣ ಪೈಪು: ಎಂಜಿನ್ನಿಗೆ ಇಂಧನ ಒಯ್ಯಲು ಒಂದು, ಸೈಲೆನ್ಸರಿನಿಂದ ಒತ್ತಡ ತರಲು ಒಂದು, ತುಂಬಲು ಒಂದು. ಮೊದಲೆರಡನ್ನು ಅದಲುಬದಲು ಮಾಡಿ, ಬಿಚ್ಚಿ, ಮತ್ತೆ ಸರಿಯಾಗಿ ಹಾಕಿದೆ. ಎಂಜಿನ್ನಿಗೆ ಹೋಗುವ ಪೈಪು ಡಬ್ಬಿಯ ಒಳಗೂ ಚಾಚಿಕೊಂಡಿತ್ತು. ಅದರ ತುದಿಗೆ ನಡುವೆ ತೂತಿದ್ದ ಹಿತ್ತಾಳೆಯ ಗುಂಡೊಂದು. ಅಲುಗಿಸಿದರೆ ಲೊಟಲೊಟ ಸದ್ದು. ಹಾರುವ ವಸ್ತುವಿಗೆ ಇಲ್ಲದ ಭಾರವೇಕೆಂದು ಶಾಸ್ತ್ರೋಕ್ತವಾಗಿ ಯೋಚಿಸಿ, ಗುಂಡನ್ನು ಕಿತ್ತು ಮೇಜಿನ ಖಾನೆಗೆ ಹಾಕಿದೆ.

ಆ ವರ್ಷ ಮಳೆ ಕೈಕೊಟ್ಟಿತ್ತು. ಭಾಲ್ಕಿ ಕಡೆಯ ಸಾಯಗಾಂವದಲ್ಲಿ ಕುರಿ ಸಾಕುವ ನನ್ನ ಮಾವ, ಶಾಂತಾಳ ತಂದೆ, ಮೇವು ಹುಡುಕಿಕೊಂಡು ಮಂದೆಯೊಂದಿಗೆ ಗೋದಾವರಿ ಕಡೆ ಹೊರಟು ನಿಂತಿದ್ದರು. ಮತ್ತೆ ಬರುವುದು ಮಳೆಯಾದ ಮೇಲೆಯೇ. "ನಿಮ್ಮ ಇಮಾನ ನೋಡೇ ಹೋಗ್ತೇನ್ರಿ ಅಳಿಯಾರ," ಎಂದು ಹೊರಡುವುದನ್ನು ಒಂದು ದಿನ ಮುಂದೂಡಿದರು. ಹಸಿದ ಕುರಿಗಳಿಗೆ ಒಂದು ದಿನವೆಂದರೇನು ಎಂದು ಶಾಂತಾಳಿಗೆ ಗೊತ್ತು. "ಹಾರಲಿಲ್ಲಂದ್ರ ನೋಡ್ರಿ ಮತ್ತ," ಎಂದಳು.

ಮಾವನ ಖಾಲಿ ಹೊಲದಲ್ಲಿ ವಿಮಾನ ಓಡಿತು, ನೆಲ ಬಿಟ್ಟಿತು, ಮೂತಿ ಮೇಲೆತ್ತಿತು. ಅಷ್ಟರಲ್ಲಿ ಎಂಜಿನ್ನು ನಿಂತು, ಹೆಂಟೆಗಳ ಮೇಲೆ ಬಂದು ಕೂತಿತು. ಎರಡನೇ ಸಲವೂ ಅದೇ ಕಥೆ. ನಾನು ಗಾಳಿಯ ಸಾಂದ್ರತೆಯ ಬಗ್ಗೆ ಪಾಠ ಶುರುಮಾಡಿದೆ. ಮಾವ ಮರ್ಯಾದೆಗೆ ತಲೆಯಾಡಿಸುತ್ತಲೇ ಡಬ್ಬಿಯನ್ನು ಹೊರತೆಗೆದು ಬಿಸಿಲಿಗೆ ಹಿಡಿದರು.

"ಮೂತಿ ಮ್ಯಾಗಾದ್ರ ಎಣ್ಣಿ ಹಿಂದಕ ಹೋಗ್ತದ, ಪೈಪ್ ಮುಂದೇ ಉಳೀತದಲ್ರಿ. ಬಾವ್ಯಾಗ ನೀರ್ ತಳಕ್ಕ ಹತ್ತಿದಾಗ ನಾವು ಪೈಪಿನ ತುದಿಗಿ ಕಲ್ಲ ಕಟ್ಟಿ ಬಿಡ್ತೇವಿ. ಇದಕ್ಕ ಏನೂ ಕಟ್ಟಿಲ್ಲೇನ್ರಿ?"

"ಅಂಗಡ್ಯಾಗ ಕೊಟ್ಟೇ ಇಲ್ರಿ ಮಾಮಾ," ಎಂದೆ. ಶಾಂತಾ ನನ್ನನ್ನೇ ನೋಡಿದಳು. ಮೇಜಿನ ಖಾನೆ ಒರೆಸುವವಳು ಅವಳೇ.

ಮಾವ, ನೀರಿಲ್ಲದೆ ಬಿದ್ದಿದ್ದ ಪಂಪ್‌ಸೆಟ್ಟಿನಿಂದ ಸಣ್ಣ ಹಿತ್ತಾಳೆ ನಟ್ಟೊಂದನ್ನು ಬಿಚ್ಚಿ ತಂದು ಪೈಪಿನ ತುದಿಗೆ ಸಿಕ್ಕಿಸಿದರು.

ಈ ಸಲ ವಿಮಾನ ಏರಿತು, ಏರುತ್ತಲೇ ಹೋಯಿತು. ಮಾವ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತ, "ಇಳಿಸಬ್ಯಾಡ್ರಿ, ಇನ್ನ ಜರಾ ಇರಲಿ," ಎಂದರು. ಇಂಧನ ಮುಗಿಯುವ ಮುಂಚೆ ಇಳಿಸಬೇಕೆಂಬುದು ನಿಯಮ. ಆದರೆ ನಾಳೆ ಹೊರಟುಹೋಗುವ ಆ ಮುದುಕನ ಮೇಲೆ ನನಗೆ ಬಹಳ ಪ್ರೀತಿ, ಇಳಿಸಲು ಮನಸ್ಸಾಗಲಿಲ್ಲ. ಕೊನೆಗೆ ಎಂಜಿನ್ನು ತಾನೇ ನಿಂತು, ವಿಮಾನ ತೇಲುತ್ತ ಬಂದು ಜಾಲಿಮುಳ್ಳಿಗೆ ಸಿಕ್ಕಿ ರೆಕ್ಕೆ ಹರಿಯಿತು. ಮಾವ ರೆಕ್ಕೆ ನೋಡಲೇ ಇಲ್ಲ. ಡಬ್ಬಿ ತೆಗೆದು ಕಿವಿಯ ಹತ್ತಿರ ಅಲುಗಿಸಿದರು.

"ನೋಡವ್ವಾ ಶಾಂತಾ, ತಳದಾಗ ಒಂದ್ ಹನಿ ಸುದ್ದಾ ಬಿಟ್ಟಿಲ್ಲ. ನಿನ್ನ ಗಂಡ ಭಾರಿ ಶಾಣ್ಯಾ!"

ನನ್ನ ಆಯುಷ್ಯದಲ್ಲೇ ಯಾರೂ ನನ್ನನ್ನು ಹೀಗೆ ಹೊಗಳಿರಲಿಲ್ಲ. ಹೊಗಳಿಕೆ ಸಲ್ಲಬೇಕಾದದ್ದು ಅವರಿಗೇ ಎಂದು ಹೇಳಿಬಿಡೋಣವೆಂದು ಬಾಯಿ ತೆರೆದೆ. ಶಾಂತಾ ಕಾಯುತ್ತ ನಿಂತಿದ್ದಳು.

"ಎಲ್ಲಾ ಲೆಕ್ಕ ಹಾಕೇ ಮಾಡೀನ್ರಿ ಮಾಮಾ," ಎಂದೆ.