ಕಲಬುರಗಿಗೆ ಕಡಲು ಬಂದದ್ದು

"ಕಡ್ಲೀ ಬಂತ್ರೀ, ಕಡ್ಲೀ!"

ಎಂಬತ್ತರ ದಶಕದಲ್ಲಿ ಜಗತ್ ಸರ್ಕಲ್ಲಿನ ಗದ್ದಲವನ್ನೆಲ್ಲ ಸೀಳಿಕೊಂಡು ಬರುತ್ತಿದ್ದ ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಅದನ್ನು ಕೇಳಿ ಉಳಿದವರು ಚಿಲ್ಲರೆ ಹುಡುಕಿದರೆ, ನಮ್ಮ ಮಾಮಿ ಅಟ್ಟ ಹತ್ತಿದರು! ಕಲಬುರಗಿಯಲ್ಲಿ ಸಮುದ್ರಕ್ಕೆ ಹೆದರಿ ಓಡಿದ ಏಕೈಕ ಮಹಿಳೆ ಎಂಬ ರೆಕಾರ್ಡು ಇವತ್ತಿಗೂ ಅವರದೇ.

ಮಾಮಿ ಕುಮಟೆಯ ಕಡೆ, ಹೊಳೆ ಸಮುದ್ರ ಸೇರುವ ಅಳಿವೆಯಂಚಿನ ಊರಿನಿಂದ ನಮ್ಮ ಸೋದರಮಾವನ ಕೈಹಿಡಿದು ಬಂದವರು. ಬಂದ ಮರುದಿನ ಬೆಳಿಗ್ಗೆಯೇ ಈ ಕೂಗು. ನಾವು ಎದ್ದು ನೋಡಿದರೆ ಅಕ್ಕಿ, ಉಪ್ಪಿನಕಾಯಿ, ಮಾಮಾನ ಟೈಪ್‌ರೈಟರ್ ಎಲ್ಲ ಅಟ್ಟದ ಮೇಲೆ, ಪಕ್ಕದಲ್ಲಿ ಮದುಮಗಳು!

"ಮೇಲೆ ಬನ್ನಿ, ಕಡಲು ಬಂತಡ!"

"ಏ ಹುಚ್ಚಿ, ಕಡ್ಲಿ ಅಂದ್ರ ಕಡಲೆಕಾಳು! ತಿನ್ನೂದು, ಈಸೂದಲ್ಲ!" ಎಂದರು ಮಾಮಾ.

ನಮ್ಮ ಕಾನ್ವೆಂಟಿನ ಜಿಯಾಗ್ರಫಿ ಮ್ಯಾಪಿನಲ್ಲೂ ಸಮುದ್ರ ನಮ್ಮೂರಿಂದ ಒಂದು ಗೇಣು ದೂರ. ಅದನ್ನು ತೋರಿಸಿದರೂ ಮಾಮಿಯ ಕಡಲಿನ ಗೀಳು ಬಿಡಬೇಕಲ್ಲ? ಮಾಮಾಗೆ ಕಮಲಾಪುರಕ್ಕೆ ಟ್ರಾನ್ಸ್‌ಫರ್ ಆಗಿ ಹಳ್ಳದ ದಂಡೆಯ ಬಾಡಿಗೆ ಮನೆ ಸಿಕ್ಕಾಗ ಅಲ್ಲೂ ಉಪ್ಪು, ಬೇಳೆ, ಕೊಡೆ ಎಲ್ಲ ತೊಲೆಗೆ ನೇತಾಡಿದವು. ನಟ್ಟನಡುವೆ ಹುಲ್ಲಿನಲ್ಲಿ ಬಿಗಿದ ಗುಂಡನೆಯ ಮುಡಿ. ಅದರೊಳಗೆ ಕಗ್ಗದ ಬೀಜ, ಅಂದರೆ ಉಪ್ಪುನೀರಿಗೂ ಜಗ್ಗದ ಭತ್ತ. ಮಾಮಿಯ ಅಣ್ಣ ಪ್ರತಿವರ್ಷ ಹೊಸ ಮುಡಿ ತಂದು ಹಳೆಯದನ್ನು ಇಳಿಸುತ್ತಿದ್ದರು. ಹೋಗುವಾಗ ಚೀಲದ ತುಂಬ ಕಮಲಾಪುರದ ಕೆಂಪು ಬಾಳೆ!

"ಕಡಲು ವರ್ಷ ವರ್ಷ ಮೇಲೆ ಬತ್ತದೆ ಭಾವ. ನಮ್ಮನೆ ಬೀಜ ಹೋದ್ರೂ ನಿಮ್ಮನೇದು ಉಳೀತದೆ."

"ನಮ್ಮನಿ ಅಂದ್ರ ನಿಮ್ಮೂರ ಲಾಕರ್ ಏನ್ರೀ?"

"ಹೌದು, ಲಾಕರ್ರೇ. ಚಾವಿ ನನ್ನ ಹತ್ರ!" ಎಂದರು ಒಳಗಿನಿಂದ ಮಾಮಿ.

ಒಂದು ಮಳೆಗಾಲ, ನಾನು ಅಲ್ಲಿಗೆ ರಜೆಗೆ ಹೋಗಿದ್ದಾಗಲೇ, ಹಳ್ಳ ಉಕ್ಕಿ ಸೀದಾ ಮನೆಗೆ ನುಗ್ಗಿತು. ಮಾಮಾನ ಫೈಲುಗಳು ಬಾತುಕೋಳಿಗಳ ಹಾಗೆ ತೇಲಿದವು. "ಖರೇನ ಬಂತಲ್ಲ ನಿನ್ನ ಕಡಲು!" ಎಂದು ಅವರು ಮಂಚ ಹತ್ತಿದರು. ಮಾಮಿ ಮಾತ್ರ ಮೊಣಕಾಲುದ್ದ ನೀರಲ್ಲಿ ನಿಂತು ತೊಲೆಯನ್ನೇ ನೋಡುತ್ತಿದ್ದರು.

ಅದೇ ವಾರ ಪಕ್ಕದ ಮನೆಗೆ ಮಾಮಿಯ ಅಣ್ಣನ ಟ್ರಂಕ್ ಕಾಲ್. ಅಲ್ಲಿ ಗದ್ದೆಯ ಕಟ್ಟೆಯೇ ಒಡೆದು, ಊರೊಳಗೆ ಉಪ್ಪುನೀರು ನಿಂತು, ಯಾರ ಮನೆಯಲ್ಲೂ ಒಂದು ಹಿಡಿ ಕಗ್ಗದ ಬೀಜ ಉಳಿದಿರಲಿಲ್ಲ.

"ನಿಂಗಳಲ್ಲೂ ಮಳೆಯಂತಲ್ಲೇ ತಂಗಿ... ಮುಡಿ ನೆನೀತಾ?"

"ಇಲ್ವೋ ಅಣ್ಣ, ಒಣಗೇ ಅದೆ."

ಆ ಕಡೆ ಅಣ್ಣ ಬಿಟ್ಟ ಉಸಿರು ನನ್ನವರೆಗೂ ಕೇಳಿತು. ಓ, ದಿ ರಿಲೀಫ್! ಯಾವತ್ತೂ ಗೇಲಿ ಮಾಡುತ್ತಿದ್ದ ಮಾಮಾ ಹೊಸ್ತಿಲ ಮೇಲೆ ಕೂತು ಕಣ್ಣೊರೆಸಿಕೊಂಡರು.

ಬಿತ್ತನೆಯ ಹೊತ್ತಿಗೆ ಮಾಮಿಯೇ ಮುಡಿ ಹೊತ್ತು ತವರಿಗೆ ಹೊರಟರು. ಕಲಬುರಗಿ ಬಸ್ ಸ್ಟ್ಯಾಂಡಿಗೆ ಬಿಡಲು ಹೋದವಳು ನಾನು.

"ಗಂಟು ಮ್ಯಾಲ ಇಡ್ರೀ ಅಮ್ಮಾ," ಎಂದ ಕಂಡಕ್ಟರ್.

"ಇಷ್ಟು ವರ್ಷ ಮೇಲೇ ಇತ್ತಪ್ಪ. ಇನ್ನು ಮಡಿಲಲ್ಲಿ ಇರ್ಲಿ."

ಬಸ್ಸು ಅಲುಗಿತು. ಅಷ್ಟರಲ್ಲಿ ಕಿಟಕಿಯ ಕೆಳಗೇ ಬುಟ್ಟಿಯವನೊಬ್ಬ ಕೂಗಿದ: "ಕಡ್ಲೀ ಬಂತ್ರೀ, ಕಡ್ಲೀ!" ಮಾಮಿ ತಟ್ಟನೆ ಎರಡೂ ಕಾಲು ಸೀಟಿನ ಮೇಲೆಳೆದುಕೊಂಡು, ಮುಡಿಯನ್ನು ಎದೆಗವಚಿ, ನನ್ನನ್ನೇ ನೋಡುತ್ತ ನಗತೊಡಗಿದರು.

ಮರಳಿ ಬರುವ ಮೊದಲೇ ತವರಿನಲ್ಲಿ ತೀರಿಕೊಂಡ ಮಾಮಿಯನ್ನು ನಾನು ಕೊನೆಯ ಸಲ ನೋಡಿದ್ದು ಹಾಗೇ.