ಓಡು ಅಂದರೆ ಸೋಲು

ಇನ್ನು ನಗುವುದಿಲ್ಲ ಎಂದುಕೊಂಡು ಕೂತವರ ಎದುರಿಗೇ ಇಂಥವೆಲ್ಲ ನಡೆಯುತ್ತವೆ. ಮಧುಗಿರಿಯ ಫುಟ್‌ಬಾಲ್ ಮೈದಾನದ ಬದಿಯಲ್ಲಿ ಒಂದು ವರ್ಷದಿಂದ ನನಗೆ ಆಗುತ್ತಿರುವುದು ಇದೇ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಊರಿನ ತಂಡವನ್ನು ಕಟ್ಟಿ ಹದಿನೆಂಟು ವರ್ಷ ನಡೆಸಿದವರು ನಮ್ಮ ಯಜಮಾನರು, ಪಿ.ಟಿ. ಮೇಷ್ಟ್ರು. ಹೋದ ವರ್ಷ ಶಿವರಾತ್ರಿ ಕಳೆದ ವಾರ ತೀರಿಕೊಂಡರು. ನಮಗೆ ಮಕ್ಕಳಿಲ್ಲ. ಅವರು ಬಿಟ್ಟುಹೋದದ್ದರಲ್ಲಿ ಇನ್ನೂ ಉಸಿರಾಡುತ್ತಿರುವುದು ಆ ತಂಡ ಒಂದೇ. ಬಹಳ ಹುಡುಕಿದ ಮೇಲೆ ಒಬ್ಬ ಯುವಕ ಕೋಚ್ ಸಿಕ್ಕರು. ಅವರೂ ಹೋದರೆ ಇನ್ನೊಬ್ಬರು ಬರುವವರಿಲ್ಲ, ತಂಡ ಮುಚ್ಚುವುದೇ.

ಹೊಸ ಕೋಚ್‌ಗೆ ನಂಬಿಕೆ ಎರಡರಲ್ಲೇ: ಅಂಕಿ ಮತ್ತು ಓಟ. ಎಷ್ಟು ಓಡಿದರು, ಎಲ್ಲೆಲ್ಲಿ ಓಡಿದರು ಎಂದು ಅಳೆಯುವ ಪಟ್ಟಿಯನ್ನು ಆಟಗಾರರ ತೋಳಿಗೆ ಕಟ್ಟಿಸಿದರು. ಅದರಿಂದ ಫೋನಿಗೆ ಬರುವ ಅಂಕಿಗಳನ್ನು ಹಾಳೆಗಿಳಿಸಿ, ಮೈದಾನದ ಎದುರಿನ ಟೀ ಅಂಗಡಿಯ ಗೋಡೆಗೆ ಅಂಟಿಸುವ ಕೆಲಸ ನನ್ನದು. ಆ ಗೋಡೆಯ ಮುಂದೆಯೇ ಅಭಿಮಾನಿಗಳ ಸಭೆ. ಅವರ ಸಂಘದ ಅಧ್ಯಕ್ಷರು ಒಬ್ಬ ನಿವೃತ್ತ ಬಸ್ ಕಂಡಕ್ಟರ್. ಅವರು ಮೊದಲ ವಾರವೇ ತೀರ್ಪು ಕೊಟ್ಟಿದ್ದರು: "ಶಿರಾ ಮೇಲೆ ಆಟ ಆಗ್ಲಿ. ಸೋತ್ರೆ ಈವಯ್ಯನ್ನ ಬಸ್ ಹತ್ತುಸ್ಬುಡಾನ."

ಡೇಟಾ

ಬಂದ ದಿನವೇ ಕೋಚ್ ಅಭಿಮಾನಿಗಳ ಮುಂದೆ ತಮ್ಮ ಕಷ್ಟ ಹೇಳಿಕೊಂಡರು. "ನಮ್ಮ ಹತ್ತಿರ ಡೇಟಾನೇ ಇಲ್ಲ. ಡೇಟಾ ಇಲ್ಲದೆ ಯಾರನ್ನ ಎಲ್ಲಿ ಆಡಿಸಲಿ?"

ಎಲ್ಲರಿಗೂ ಪಾಪ ಅನ್ನಿಸಿತು. ಮಾರನೆಯ ಬೆಳಿಗ್ಗೆ ಟೀ ಅಂಗಡಿಯವನು ಕೋಚ್ ಕೈಗೆ ಲೋಟ ಕೊಡುತ್ತಾ ಮೆಲ್ಲಗೆ ಹೇಳಿದ: "ನಿಮ್ಮ ನಂಬರಿಗೆ ರೀಚಾರ್ಜ್ ಮಾಡ್ಸಿವ್ನಿ ಸಾ. ದಿನಕ್ಕೆ ಎರಡು ಜಿಬಿ. ಇನ್ನು ಯೋಚ್ನೆ ಬುಡಿ."

ಆ ಭಾನುವಾರ ತಂಡ ಸೋತಿತು. ಅಂಗಡಿಯವನು ಎರಡು ದಿನ ಕೋಚ್ ಜೊತೆ ಮಾತು ಬಿಟ್ಟ. ಕಂಡಕ್ಟರ್‌ಗೆ ಮಾತ್ರ ಸೋಲಿನ ಕಾರಣ ಗೊತ್ತಿತ್ತು. "ನೀನು ಡೇಟಾ ಹಾಕುಸ್ದೆ ಕಣ್ಲಾ, ಸರಿ. ಆವಯ್ಯ ಅದನ್ನೆಲ್ಲ ರೀಲ್ಸ್ ನೋಡಿ ಖಾಲಿ ಮಾಡವ್ನೆ!"

ಮಿಡಿಗೇಶಿಯ ಡಿಫೆಂಡರ್

ಪಟ್ಟಿಯನ್ನು ದಿನವಿಡೀ ಕಟ್ಟಿಕೊಂಡಿರಿ ಎಂದು ಕೋಚ್ ಒಂದು ವಾರ ಎಲ್ಲರಿಗೂ ಹೇಳಿದರು. ಆ ವಾರ ಗೋಡೆಯ ಹಾಳೆಯಲ್ಲಿ ಮೇಲೆ ಬಂದ ಹೆಸರು ನೋಡಿ ನಾನೇ ಎರಡು ಸಲ ಕೂಡಿದೆ. ಮಿಡಿಗೇಶಿಯಿಂದ ಬರುವ ನಮ್ಮ ಎಡಗಡೆ ಡಿಫೆಂಡರ್ ಬೇರೆಯವರಿಗಿಂತ ದುಪ್ಪಟ್ಟು ದೂರ ಹೋಗಿದ್ದ.

"ಯಾರು, ಇವ್ನಾ?" ಕಂಡಕ್ಟರ್ ಹಾಳೆಗೆ ಬೆರಳು ಕುಟ್ಟಿದರು. "ಆಟದಾಗೆ ನೆಟ್ಟ ಕಲ್ಲು ನಿಂತಂಗೆ ನಿಂತಿರ್ತಾನೆ!"

ವಿಚಾರಿಸಿದರೆ, ಅವನು ದಿನವೂ ಕೋಟೆ ಬೆಟ್ಟದ ಹಿಂದೆ ಕುರಿ ಮೇಯಿಸುತ್ತಾನೆ. ಕೋಚ್‌ಗೆ ಕೋಪ ಬರಲಿಲ್ಲ, ಆಶ್ಚರ್ಯವಾಯಿತು. "ಅಲ್ಲಿ ಅಷ್ಟು ಓಡೋನು ಇಲ್ಲಿ ಯಾಕಪ್ಪಾ ಓಡಲ್ಲ?"

ಅವನು ನಿಜ ಹೇಳಿದ. "ಅಲ್ಲಿ ಕುರಿ ತಪ್ಪುಸ್ಕಂಡ್ರೆ ನಮ್ಮಪ್ಪ ಕೇಳ್ತಾನೆ ಸಾ. ಇಲ್ಲಿ ಬಾಲು ತಪ್ಪುಸ್ಕಂಡ್ರೆ ಯಾರು ಕೇಳ್ತಾರೆ?"

ಪಾವಗಡದಲ್ಲಿ

ಪಾವಗಡಕ್ಕೆ ಆಡಲು ಹೋದಾಗ ಅಭಿಮಾನಿಗಳ ಜೊತೆ ನಾನೂ ಹೋಗಿದ್ದೆ. ಕೋಚ್ ಗೆರೆಯ ಪಕ್ಕ ನಿಂತು ಮೊದಲ ನಿಮಿಷದಿಂದಲೇ ಕೂಗುತ್ತಿದ್ದರು: "ಓಡು! ಓಡು! ಓಡು!"

ನಮ್ಮ ಹಿಂದೆ ಕೂತಿದ್ದ ಒಬ್ಬ ಮುದುಕರು ಚಡಪಡಿಸಿದರು. "ಇದೇಮಪ್ಪಾ, ಸೊಂತ ಪಿಲ್ಲಲ್ನೇ ಓಡು ಓಡು ಅಂಟಾಡು!"

ಆ ದಾರಿಯಲ್ಲಿ ಇಪ್ಪತ್ತು ವರ್ಷ ಟಿಕೆಟ್ ಹರಿದ ಕಂಡಕ್ಟರ್‌ಗೆ ತೆಲುಗು ಬರುತ್ತದೆ. ಅವರು ನನ್ನ ಕಡೆ ಬಗ್ಗಿದರು. "ತೆಲುಗಲ್ಲಿ ಓಡು ಅಂದ್ರೆ ಸೋಲು ಅಂತ ಮೇಡಮ್ಮೋರೇ. ತನ್ನ ಹುಡುಗ್ರಿಗೇ ಸೋಲು ಸೋಲು ಅಂತಾವ್ನಲ್ಲ ಅಂತ ಅಜ್ಜ ಕೊರಗ್ತಾವ್ರೆ."

ನಾವು ಮೂರು ಗೋಲಿನಿಂದ ಸೋತೆವು. ಮುದುಕರು ಎದ್ದು ಪಂಚೆ ಕೊಡವಿಕೊಂಡು ಏನೋ ಅಂದರು. ನಾನು ಕಂಡಕ್ಟರ್ ಮುಖ ನೋಡಿದೆ. ಅವರು ಬೇಸರದಿಂದಲೇ ಅನುವಾದಿಸಿದರು: "'ಪಾಪ, ಹೇಳಿದ ಮಾತು ಕೇಳೋ ಹುಡುಗ್ರು' ಅಂತಾವ್ರೆ."

ಮೇಷ್ಟ್ರ ಗೆಲುವುಗಳು

ನಮ್ಮ ಯಜಮಾನರ ಕಾಲದಲ್ಲಿ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಪ್ರತಿ ಪಂದ್ಯವನ್ನೂ ಅವರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಆದರೆ ಅವರು ಹೋದ ಮೇಲೆ ಟೀ ಅಂಗಡಿಯಲ್ಲಿ ಅವರ ಗೆಲುವುಗಳು ಬೆಳೆಯುತ್ತಿವೆ. ಕೊರಟಗೆರೆ ಮೇಲೆ ಸೋತದ್ದು ಮೂರನೇ ತಿಂಗಳಿಗೆ ಡ್ರಾ ಆಯಿತು, ಆರನೇ ತಿಂಗಳಿಗೆ ಗೆಲುವಾಯಿತು. ವರ್ಷ ತುಂಬುವ ಹೊತ್ತಿಗೆ ಕಂಡಕ್ಟರ್ ಕೋಚ್ ಎದುರಿಗೇ ಹೇಳಿದರು: "ಪಿ.ಟಿ. ಮೇಷ್ಟ್ರು ಒಂದು ಆಟಾನೂ ಸೋತಿರ್ನಿಲ್ಲ. ಹಿಂಗೆ ಓಡುಸ್ತಾನೂ ಇರ್ನಿಲ್ಲ."

ಓಡಿಸಿದ್ದರು. ಸಿದ್ದರಬೆಟ್ಟ ಹತ್ತಿಸಿದ್ದರು. ಮಾರನೆಯ ದಿನ ಅಭ್ಯಾಸಕ್ಕೆ ನಾಲ್ಕೇ ಜನ ಬಂದಿದ್ದರು.

ಕೋಚ್ ಸಪ್ಪೆ ಮುಖ ಮಾಡಿಕೊಂಡು ನನ್ನ ಹತ್ತಿರ ಬಂದರು. "ಮೇಡಂ, ಸರ್ ನಿಜವಾಗ್ಲೂ ಒಂದೂ ಸೋತಿಲ್ವಾ? ಬರೆದಿಟ್ಟದ್ದು ಏನಾದ್ರೂ ಇದೆಯಾ?"

ಉತ್ತರಪತ್ರಿಕೆಯಲ್ಲಿ ಅರ್ಧ ಅಂಕ ಹೆಚ್ಚು ಕಡಿಮೆ ಮಾಡಿದವಳಲ್ಲ ನಾನು. ಕೋಚ್ ಉಳಿಯಬೇಕು ಎನ್ನುವುದಾದರೆ ಬರೆದಿಟ್ಟದ್ದನ್ನು ತೋರಿಸಬೇಕಿತ್ತು. "ನೋಟ್‌ಬುಕ್ ಎಲ್ಲೋ ಇಟ್ಟುಬಿಟ್ಟಿದ್ದೇನೆ" ಅಂದೆ. ಅದು ನನ್ನ ಕೈಚೀಲದಲ್ಲೇ ಇತ್ತು. ನಮ್ಮ ಯಜಮಾನರನ್ನು ನಾನೇ ಸೋಲಿಸಲು ಮನಸ್ಸಾಗಲಿಲ್ಲ.

ಅಂಕಿ ಎಂದರೆ ಪ್ರಾಣ ಬಿಡುವ ಆ ಕೋಚ್ ಅಲ್ಲೇ ನಿಂತು ಫೋನಿನಲ್ಲಿ ಬರೆದುಕೊಂಡರು: ಹಿಂದಿನ ಕೋಚ್, ಸೋಲು ಸೊನ್ನೆ.

ಒಂಬತ್ತನೇ ನಂಬರ್

ಶಿರಾ ಮೇಲಿನ ಆಟ ನಮ್ಮ ಮೈದಾನದಲ್ಲೇ ನಡೆಯಿತು. ಒಂದಕ್ಕೆ ಎರಡು ಗೋಲಿನಿಂದ ಸೋತೆವು.

ಸಂಜೆ ಟೀ ಅಂಗಡಿ ಮುಂದೆ ಎಲ್ಲರೂ ಸೇರಿದರು. ಯಾರೂ ಟೀ ಕೇಳಲಿಲ್ಲ. ನಾನು ಹಾಳೆ ಹಿಡಿದು ಬೆಂಚಿನ ತುದಿಯಲ್ಲಿ ಕೂತೆ. ಇದೇ ಕೊನೆಯ ಹಾಳೆ ಎಂದುಕೊಂಡೆ. ಕಂಡಕ್ಟರ್ ಬೆವರಿದ ತುಂಬುತೋಳಿನ ಅಂಗಿಯಲ್ಲೇ ಎದ್ದು ನಿಂತರು. "ಹೊಂಡೋ ಮುಂಚೆ ಏನಾರ ಹೇಳೋದೈತಾ ಸಾ?"

ಕೋಚ್ ಬೇಡಿಕೊಳ್ಳಲಿಲ್ಲ. ಫೋನ್ ತೆಗೆದು ಎಂದಿನಂತೆ ಅಂಕಿಗೇ ಕೈ ಹಾಕಿದರು. "ಸೋತಿದ್ದೀವಿ, ಒಪ್ಪಿದೆ. ಆದ್ರೆ ಒಬ್ಬ ಆಟಗಾರ ಇವತ್ತು ಪ್ರಾಣ ಕೊಟ್ಟು ಓಡಿದ್ದಾನೆ. ಒಂಬತ್ತನೇ ನಂಬರ್. ಒಂದು ನಿಮಿಷ ನಿಂತಿಲ್ಲ. ನನಗೆ ಅರ್ಥ ಆಗದೇ ಇರೋದು ಒಂದೇ. ಇಲ್ಲಿ ನೋಡಿ, ಅವನು ಓಡಿದ ದಾರಿ. ಪೂರ್ತಿ ಗೆರೆಯ ಆಚೆಗೇ ಇದೆ. ಒಂದು ಸಲಾನೂ ಮೈದಾನದ ಒಳಗೆ ಬಂದಿಲ್ಲ!"

ಒಂಬತ್ತನೇ ನಂಬರಿನವನು ತಲೆ ತಗ್ಗಿಸಿದ. "ಪಟ್ಟಿ ಕಡಿತಾ ಇತ್ತು ಸಾ. ಬಿಚ್ಚಿ ಇವರ ಕೈಗೆ ಕೊಟ್ಟಿದ್ದೆ."

ಎಲ್ಲರೂ ಕಂಡಕ್ಟರ್ ಕಡೆ ತಿರುಗಿದರು. ಅವರು ನಿಧಾನವಾಗಿ ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿದರು. ಪಟ್ಟಿ ಅಲ್ಲಿತ್ತು.

"ಕಳ್ದೋದಾತು ಅಂತ ಕಟ್ಕಂಡಿದ್ದೆ" ಅಂದರು. ಆಮೇಲೆ ಫೋನಿನಲ್ಲಿದ್ದ ತಮ್ಮ ದಾರಿಯನ್ನು ಬಹಳ ಹೊತ್ತು ನೋಡಿದರು. "ಒಳಗೆ ಜಾಗ ಇರ್ನಿಲ್ಲ ಸಾ. ಫುಟ್‌ಬೋರ್ಡಿನಾಗೇ ಬಂದೆ."

ನಾನು ಬಾಯಿಗೆ ಸೆರಗು ಅಡ್ಡ ಹಿಡಿದೆ. ಕೋಚ್ ಮಾತ್ರ ನಗಲಿಲ್ಲ. ಅವರಿಗೆ ಒಂದು ಅಂಕಿ ಕಡಿಮೆ ಬಿದ್ದಿತ್ತು. "ಹಾಗಾದ್ರೆ ನಿಜವಾದ ಒಂಬತ್ತನೇ ನಂಬರ್ ಎಷ್ಟು ಓಡಿದ?"

"ಅವನೆಲ್ಲಿ ಓಡ್ದ ಸಾ!" ಕಂಡಕ್ಟರ್ ಪಟ್ಟಿ ಬಿಚ್ಚಿ ಕೋಚ್ ಕೈಗೇ ಕೊಟ್ಟರು. "ಓಡ್ಲಾ, ಓಡ್ಲಾ ಅಂತ ಅವನಿಗೆ ಹೇಳಾಕೇ ನಾನು ಅಷ್ಟು ಓಡಿದ್ದು. ಬರೋ ವರ್ಷ ನೀವೇ ಓಡ್ಸಿ, ನನ್ನ ಮಂಡಿ ಕೈಲಿ ಆಗಾಕಿಲ್ಲ."