ಎರಡೇ ಬಟನ್‌ಗಳ ಟೋಕನ್ ಯಂತ್ರಕ್ಕೆ ಒಂದೇ ಕಿಡ್ನಿಯವಳ ಮನವಿ

ಆಸ್ಪತ್ರೆಯ ಕಿಡ್ನಿ ವಿಭಾಗದ ಬಾಗಿಲಲ್ಲಿ ಹಗಲಿಡೀ ನಿಂತೇ ದುಡಿಯುವ ಟೋಕನ್ ಯಂತ್ರದವರ ಸನ್ನಿಧಿಗೆ, ಹೈದರಾಬಾದಿನ ಸನತ್‌ನಗರದ ಬೋಲ್ಟ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವ ಗೋದಾವರಿಯ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾನೂ ಕ್ಷೇಮ ಎಂದು ಬರೆಯುವುದು ವಾಡಿಕೆ; ಆದರೆ ಆ ಸಂಗತಿ ನನಗೇ ಗೊತ್ತಿಲ್ಲದ್ದರಿಂದ ಈ ಬಹಿರಂಗ ಪತ್ರ.

ಎಂಟು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಎಡ ಕಿಡ್ನಿಯನ್ನು ನನ್ನ ತಮ್ಮ ಗುರುಬಸವನಿಗೆ ಕೊಟ್ಟೆ. ಅವನಿಗೆ ಮೆಹದಿಪಟ್ಟಣಂನಲ್ಲಿ ಎಲೆಕ್ಟ್ರಿಕಲ್ ಅಂಗಡಿ. ಉಳಿದ ಒಂದು ಸಾಕು, ಆದರೆ ವರ್ಷಕ್ಕೊಮ್ಮೆ ಬಂದು ಬಿ.ಪಿ., ರಕ್ತ, ಮೂತ್ರ ತೋರಿಸಿಕೊಳ್ಳಿ ಎಂದು ದೊಡ್ಡ ಡಾಕ್ಟರು ಆಗಲೇ ಹೇಳಿದ್ದರು. ಮೊದಲ ವರ್ಷ ಫೋನು ಮಾಡಿ ಕರೆದರು. ಮರುವರ್ಷ ಯಾರೂ ಕರೆಯದಿದ್ದಾಗ ನಾನೇ ಬಂದು ತಮ್ಮ ಮುಂದೆ ನಿಂತೆ. ರೋಗಿಯೋ, ರೋಗಿಯ ಜೊತೆಗೆ ಬಂದವರೋ ಎಂದು ತಾವು ಮೂರು ಭಾಷೆಗಳಲ್ಲಿ ವಿಚಾರಿಸಿದಿರಿ. ರೋಗಿಯಂತೂ ಅಲ್ಲವೆಂದು ಎರಡನೆಯ ಬಟನ್ ಒತ್ತಿದೆ. ತಾವು ಅಟೆಂಡರ್ ಪಾಸ್ ದಯಪಾಲಿಸಿದಿರಿ; ಆ ಪಾಸಿನವರನ್ನು ಒಳಗೆ ಯಾರೂ ಪರೀಕ್ಷಿಸುವುದಿಲ್ಲ. ಅಂದಿನಿಂದ ಮೂರು ತಿಂಗಳಿಗೊಮ್ಮೆ ಅದೇ ಪಾಸ್ ಹಿಡಿದು, ತಮ್ಮನ ಫೈಲು ಹೊತ್ತು ಬರುತ್ತಿದ್ದೇನೆ. ಜಾತಿ, ಜೇಬು, ಮುಖ ಯಾವುದನ್ನೂ ನೋಡದ ತಮ್ಮ ನಿಷ್ಪಕ್ಷಪಾತ ಬುದ್ಧಿಯನ್ನು ಎಷ್ಟು ಹೊಗಳಿದರೂ ಕಡಿಮೆ. ಹೊಟ್ಟೆಯ ಮೇಲಿನ ಹೊಲಿಗೆಯನ್ನೂ ತಾವು ನೋಡುವುದಿಲ್ಲ.

ಮನೆಯವರೂ ತಾವು ಹಿಡಿದ ದಾರಿಯನ್ನೇ ಹಿಡಿದಿದ್ದಾರೆ. ತಮ್ಮನ ಹೆಂಡತಿ ಸಪ್ನಾ ಅವನಿಗೆ ಉಪ್ಪು ಅಳೆದು ಹಾಕುತ್ತಾಳೆ, ರಾಯಚೂರಿನಿಂದ ಬಂದ ಉಪ್ಪಿನಕಾಯಿಯ ಭರಣಿಗಳು ಅವನ ಕಣ್ಣಿಗೆ ಬೀಳದಂತೆ ಸೀದಾ ನನ್ನ ಮನೆಗೆ ಸಾಗಿಸುತ್ತಾಳೆ. "ನಿಮಗೇನಾಗೇತ್ರಿ ಅಕ್ಕಾರ, ಗುಂಡಕಲ್ಲ ಇದ್ದಂಗ ಅದೀರಿ, ನೀವ ತಿನ್ರಿ" ಎನ್ನುತ್ತಾಳೆ. ಗುಂಡುಕಲ್ಲು ತಿಂದಿತು. ರುಚಿಯಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಕಳೆದ ತಿಂಗಳು ಗುರುಬಸವ ಮೂತ್ರದ ಸ್ಯಾಂಪಲ್ ಕೊಡಲು ಹೋದಾಗ, ಅವನ ಸರದಿ ತಪ್ಪದಿರಲಿ ಎಂದು ಬಿ.ಪಿ. ಮೇಜಿನ ಕುರ್ಚಿಯಲ್ಲಿ ನಾನು ಕುಳಿತೆ. ನರ್ಸಮ್ಮ ಫೈಲನ್ನಷ್ಟೇ ನೋಡಿ ನನ್ನ ತೋಳಿಗೆ ಪಟ್ಟಿ ಸುತ್ತಿದರು. ನಾನಲ್ಲ ಎನ್ನಲು ಬಾಯಿ ತೆರೆದರೆ "ಮಾಟ್ಲಾಡೊದ್ದಮ್ಮಾ" ಎಂದು ಗದರಿದರು, ಬಿ.ಪಿ. ನೋಡುವಾಗ ಮಾತಾಡಬಾರದಂತೆ. ನೂರಾ ಅರವತ್ತನಾಲ್ಕು, ನೂರಾ ಎರಡು ಎಂದು ಗುರುಬಸವನ ಹೆಸರಿನಲ್ಲಿ ಬರೆದು ಫೈಲನ್ನು ಒಳಗೆ ಕಳಿಸಿದರು. ಡಾಕ್ಟರು ತಮ್ಮನನ್ನು ಚೆನ್ನಾಗಿ ಬೈದು, ಒಂದು ವಾರ ಉಪ್ಪು ಪೂರ್ತಿ ಬಿಟ್ಟು ಮತ್ತೆ ಬರಲು ಹೇಳಿದರು.

ಅದು ನನ್ನ ಲೆಕ್ಕವೆಂದು ಅಲ್ಲಿಯೇ ಹೇಳಬೇಕಿತ್ತು. ಹೇಳಲಿಲ್ಲ. ಹೆದರಿದೆ. ಕಿಡ್ನಿ ಕಿತ್ತುಕೊಂಡು ಅಕ್ಕನಿಗೆ ಹೀಗೆ ಮಾಡಿದೆನಲ್ಲ ಎಂದು ಅವನು ಕೊರಗುತ್ತಾನೆ ಎನಿಸಿತು. ವಾರವಿಡೀ ಅವನು ಸಪ್ಪೆ ಸಾರು ಉಂಡ, ನಾನು ಅವನ ಪಾಲಿನ ಉಪ್ಪಿನಕಾಯಿ ಮುಗಿಸಿದೆ. ಮರುವಾರ ಅವನ ಬಿ.ಪಿ. ನೂರಾ ಇಪ್ಪತ್ತು. ಡಾಕ್ಟರು ಬೆನ್ನು ತಟ್ಟಿ, ಪಥ್ಯವೆಂದರೆ ಹೀಗಿರಬೇಕು ಎಂದು ಉಳಿದ ರೋಗಿಗಳಿಗೆ ಅವನನ್ನು ತೋರಿಸಿದರು. ಆಗ ತಡೆಯಲಾರದೆ ಹೊರಗೆ ಬಂದು ಎಲ್ಲ ಒಪ್ಪಿಕೊಂಡೆ. ತಮ್ಮ ಮೊದಲು ನಕ್ಕ. ಆಮೇಲೆ ಮೆಟ್ಟಿಲ ಮೇಲೆ ಕುಳಿತುಬಿಟ್ಟ. "ಅಕ್ಕಾ, ನನ್ನ ಕ್ರಿಯಾಟಿನಿನ್ ಎಷ್ಟ ಅಂತ ಎಂಟ ವರ್ಷದ್ದೂ ಬಾಯಿಪಾಠ ಹೇಳತಿ. ನಿಂದ ಎಷ್ಟ?" ಎಂದ. ನನ್ನ ಕಿಡ್ನಿಯ ಆ ಲೆಕ್ಕ ನನಗೇ ಗೊತ್ತಿರಲಿಲ್ಲ. ಅವನಿಗೂ, ಆಸ್ಪತ್ರೆಗೂ ಗೊತ್ತಿರಲಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮ ಎರಡು ಬಟನ್‌ಗಳ ನಡುವೆ 'ಕೊಟ್ಟವರು' ಎಂಬ ಮೂರನೆಯದೊಂದನ್ನು ಬೆಳೆಸಿಕೊಳ್ಳಲು ಸಾಧ್ಯವೇ? ಅದನ್ನು ಒತ್ತಿದ ಕೂಡಲೇ ಶಹನಾಯಿ ನುಡಿಯಬೇಕೆಂಬ ಹಟ ನನಗಿಲ್ಲ; ನುಡಿದರೆ ಬೇಡವೆನ್ನುವುದೂ ಇಲ್ಲ. ಅದಾಗದಿದ್ದರೆ ಅರ್ಧ ರೋಗಿ, ಅರ್ಧ ಅಟೆಂಡರ್ ಎಂದು ಎರಡು ಚೀಟಿ ಕೊಡಿ, ನಾನೇ ಅಂಟಿಸಿಕೊಳ್ಳುತ್ತೇನೆ. ಅದೂ ಕಷ್ಟವೆಂದರೆ ನನ್ನ ಕಿಡ್ನಿಗೆ ಕಾಯಿಲೆ ಬರುವವರೆಗೆ ಕಾಯಲು ಸಿದ್ಧಳಿದ್ದೇನೆ. ಆಗ ಮೊದಲನೆಯ ಬಟನ್ ಧಾರಾಳವಾಗಿ ಒತ್ತಬಹುದಲ್ಲ. ಕೊಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಇನ್ನೊಂದು ಸಲವೂ ಕೊಡುತ್ತಿದ್ದೆ. ಉಳಿದದ್ದನ್ನು ಯಾರಾದರೂ ಒಮ್ಮೆ ನೋಡಲಿ ಎಂದಷ್ಟೇ ಆಸೆ.

ತಮ್ಮ ವಿಶ್ವಾಸಿ,
ಗೋದಾವರಿ
(ಜೊತೆಗೆ ಬಂದವರು)

ತಾಜಾ ಕಲಂ: ಮೊನ್ನೆ ಸಾಲಿನಲ್ಲಿ ನಿಂತಾಗ ತಮ್ಮ ಪಕ್ಕೆಯ ಮೇಲೆ ಅಂಟಿಸಿದ ವಾರ್ಷಿಕ ಸರ್ವಿಸ್ ಚೀಟಿ ಕಣ್ಣಿಗೆ ಬಿತ್ತು. ಮೆಕ್ಯಾನಿಕನ ಎಂಟು ಸಹಿಗಳಿವೆ, ಒಂದು ವರ್ಷವೂ ತಪ್ಪಿಲ್ಲ. ಅವನು ಮುಂದಿನ ಸಲ ಬಂದಾಗ ದಯವಿಟ್ಟು ನನಗೂ ಹೇಳಿ ಕಳಿಸಿ; ನನ್ನ ಎಡ ಪಕ್ಕೆಯಲ್ಲೂ ಅಂಥ ಒಂದು ಚೀಟಿಗೆ ಸಾಕಷ್ಟು ಜಾಗ ಖಾಲಿಯಿದೆ.